ಕಡಿದಾದ ಹಿಮದ ಇಳಿಜಾರಿನಲ್ಲಿ ಸ್ಕೀ ಮಾಡುವವರು ಬೆಟ್ಟದ ಕಡೆಗೆ ಒರಗದೆ ಕಣಿವೆಯ ಕಡೆಗೇ ಯಾಕೆ ಬಾಗುತ್ತಾರೆ?

ಜಾರದೆ ನಿಲ್ಲುವುದಕ್ಕೇ. ಸ್ಕೀ ಹಲಗೆಯ ಅಂಚಿನಲ್ಲಿ ತೆಳುವಾದ ಉಕ್ಕಿನ ಪಟ್ಟಿ ಇರುತ್ತದೆ. ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುವುದು ಅದೊಂದೇ. ಮೈಭಾರ ಅದರ ಮೇಲೆ, ಅದರಲ್ಲೂ ಇಳಿಜಾರಿಗೆ ಅಡ್ಡವಾಗಿ ನಿಂತಾಗ ಕಣಿವೆಯ ಕಡೆಗಿರುವ ಕೆಳಗಿನ ಕಾಲಿನ ಮೇಲೆ, ನೇರವಾಗಿ ಬಿದ್ದಾಗ ಅದು ಚೆನ್ನಾಗಿ ಒಳಗಿಳಿಯುತ್ತದೆ. ಹೆದರಿ ಬೆಟ್ಟದ ಕಡೆ ಒರಗಿದರೆ ಭಾರ ಮೇಲಿನ ಕಾಲಿಗೋ ಕೈಗೋ ಹೋಗುತ್ತದೆ, ಕೆಳಗಿನ ಅಂಚು ಹಗುರಾಗುತ್ತದೆ, ಪಾದ ಹೊರಕ್ಕೆ ಜಾರುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಇಳಿಜಾರಿನಲ್ಲಿ ಹಿಂದಕ್ಕೆ ವಾಲಿದವರ ಕಾಲು ಮುಂದಕ್ಕೆ ಜಾರುವ ಹಾಗೆಯೇ ಇದೂ.

ಫ್ರಾನ್ಸಿನ ಶಾಮೊನಿ ಸುತ್ತಲಿನ ಕೆಲವು ಕಿರಿದಾದ ಹಿಮದ ಕೊರಕಲುಗಳಲ್ಲಿ ಇಳಿಜಾರು 45 ಡಿಗ್ರಿ ದಾಟುತ್ತದೆ. 1967ರಲ್ಲಿ ಸ್ವಿಟ್ಜರ್ಲೆಂಡಿನ ಸಿಲ್ವೆನ್ ಸೋದಾನ್ ಅಲ್ಲಿನ ಸ್ಪೆನ್ಸರ್ ಕೊರಕಲನ್ನು ಸ್ಕೀ ಮೇಲೆ ಇಳಿದರು. ಅಂಥಲ್ಲಿ ತಿರುವು ಎಂದರೆ ಒಂದು ಪುಟ್ಟ ನೆಗೆತ. ಎದೆ ಕಣಿವೆಯ ಕಡೆಗಿರಬೇಕು, ಕೆಳಗಿನ ಕೈಯ ಕೋಲನ್ನು ಪಾದಕ್ಕಿಂತ ಸಾಕಷ್ಟು ಕೆಳಗೆ ಊರಬೇಕು. ಹಾಗೆ ಊರಿದರೆ ಮೈ ತಾನಾಗಿ ಹೊರಕ್ಕೆ ಬರುತ್ತದೆ. ಕಲಿಯುವವರಿಗೆ ಇದಕ್ಕಿಂತ ಉಪಯುಕ್ತ ಸಲಹೆ ನನಗೆ ಗೊತ್ತಿಲ್ಲ. ಮೊದಲ ತಿರುವಿಗೆ ಮುಂಚೆ ಹಲಗೆಗಳನ್ನು ಅಡ್ಡವಾಗಿಟ್ಟು ಸ್ವಲ್ಪ ಜಾರಿ, ಹಿಮ ಎಷ್ಟು ಗಟ್ಟಿಯಿದೆ ನೋಡಿಕೊಳ್ಳಿ. ಮಂಜುಗಡ್ಡೆಯಂತಿದ್ದರೆ ಇಳಿಯಬೇಡಿ, ಅಲ್ಲಿ ಬಿದ್ದರೆ ನಡುವೆ ತಡೆದು ನಿಲ್ಲುವುದು ತುಂಬಾ ಕಷ್ಟ.