ಟ್ರೇನರ್ ಕಣ್ಣೆದುರೇ ಕಲಿಸಲಿ, ಡಾಕ್ಟ್ರು ಬರೆದು ಕೊಡಲಿ

ಈ ಸಲದ ಪ್ರಶ್ನೆಗಳಲ್ಲಿ ನಾಯಿಗಳ ಮೇಲಿನ ದೂರು ಕಡಿಮೆ, ನಾಯಿ ನೋಡಿಕೊಳ್ಳುವವರ ಮೇಲಿನ ದೂರು ಜಾಸ್ತಿ. ನಾನೂ ಪಶುವೈದ್ಯನೇ ಆದ್ದರಿಂದ ಕೆಲವು ಪ್ರಶ್ನೆಗಳು ನನಗೇ ತಿರುಗಿ ಬರುತ್ತವೆ. ಬರಲಿ.

ಪ್ರಶ್ನೆ: ನಮ್ಮದು 8 ತಿಂಗಳ ಗಂಡು ಲ್ಯಾಬ್ರಡಾರ್. ಬಂದವರ ಮೇಲೆಲ್ಲ ಹಾರುತ್ತದೆ, ವಾಕಿಂಗ್ ಹೋದರೆ ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಟ್ರೇನರ್ ಒಬ್ಬರು ಒಂದು ತಿಂಗಳು ತಮ್ಮ ಫಾರ್ಮಿನಲ್ಲಿ ಬಿಡಿ, 45,000 ಆಗುತ್ತದೆ, ಗ್ಯಾರಂಟಿ ಕೊಡುತ್ತೇನೆ ಎನ್ನುತ್ತಾರೆ. ಮಧ್ಯದಲ್ಲಿ ಮಾತ್ರ ಬಂದು ನೋಡಬಾರದಂತೆ, ನಾಯಿಯ ಗಮನ ಹೋಗುತ್ತದಂತೆ. ಕಳಿಸಬಹುದಾ? (ಬೆಂಗಳೂರು)

ಕಳಿಸಬೇಡಿ. ದುಡ್ಡಿನ ಮಾತು ಆಮೇಲೆ. "ಬಂದು ನೋಡಬೇಡಿ" ಅಂದರಲ್ಲ, ಅಷ್ಟೇ ಸಾಕು.

ನಮ್ಮ ದೇಶದಲ್ಲಿ ನಾಯಿ ಟ್ರೇನರ್ ಆಗಲು ಯಾವ ಲೈಸೆನ್ಸೂ ಬೇಡ. ಬೇಕಾದರೆ ನಾಳೆ ಬೆಳಗ್ಗೆ ನೀವೇ ಬೋರ್ಡು ಹಾಕಿಕೊಂಡು ಕೂರಬಹುದು. ಗೋಡೆ ಮೇಲೆ ಫ್ರೇಮು ಹಾಕಿದ ಸರ್ಟಿಫಿಕೇಟು ಇದ್ದರೆ ಯಾರು ಕೊಟ್ಟಿದ್ದು, ಎಷ್ಟು ದಿನದ ಕೋರ್ಸು, ನಿಜವಾದ ನಾಯಿ ಹಿಡಿದು ಕಲಿತರಾ ಅಥವಾ ಮೊಬೈಲಿನಲ್ಲಿ ವಿಡಿಯೋ ನೋಡಿ ಪರೀಕ್ಷೆ ಬರೆದರಾ ಅಂತ ಸಂಕೋಚ ಇಲ್ಲದೆ ಕೇಳಿ. ಪೊಲೀಸ್ ನಾಯಿ ನೋಡಿಕೊಂಡಿದ್ದೆ, ಸೈನ್ಯದಲ್ಲಿದ್ದೆ ಅನ್ನುವವರ ಬಗ್ಗೆ ನನಗೆ ಗೌರವ ಇದೆ. ಆದರೆ ಬಾಂಬು ಹುಡುಕುವ ನಾಯಿಗೆ ಕಲಿಸುವುದೇ ಬೇರೆ, ಅಜ್ಜಿ, ಮಗು, ಕೊರಿಯರ್ ಹುಡುಗ ಎಲ್ಲರೂ ಓಡಾಡುವ ಮನೆಯಲ್ಲಿ ಸುಮ್ನೆ ಮಲಗುವುದನ್ನು ಕಲಿಸುವುದೇ ಬೇರೆ.

ನಮ್ಮ ಬೀದಿಯವರೊಬ್ಬರು ಹೀಗೇ ನಾಯಿಯನ್ನು ಒಂದು ತಿಂಗಳು ಬಿಟ್ಟು ಬಂದಿದ್ದರು. ವಾಪಸ್ ಬಂದಾಗ "ಸಿಟ್" ಅಂದರೆ ಪಟ್ಟನೆ ಕೂರುತ್ತಿತ್ತು, ಮನೆಯವರಿಗೆಲ್ಲ ಖುಷಿ. ಎರಡನೇ ದಿನ ಯಜಮಾನರು ಹಗ್ಗದ ಮೇಲಿದ್ದ ಟವೆಲ್ ತೆಗೆಯಲು ಕೈ ಎತ್ತಿದ್ದಾರೆ, ನಾಯಿ ನೆಲಕ್ಕೆ ಅಂಟಿಕೊಂಡು ಅಲ್ಲೇ ಉಚ್ಚೆ ಮಾಡಿಕೊಂಡಿತು. ನನ್ನ ಹತ್ತಿರ ಕರೆತಂದಾಗ ಕುತ್ತಿಗೆಯ ಕೂದಲು ಸರಿಸಿ ನೋಡಿದೆ. ಸುತ್ತಲೂ ಸಾಲಾಗಿ ಸಣ್ಣ ಸಣ್ಣ ಗಾಯ, ಕೆಲವು ಒಣಗಿದ್ದವು, ಎರಡರಲ್ಲಿ ಇನ್ನೂ ಕೀವು ಇತ್ತು. ಒಳಮುಖವಾಗಿ ಮುಳ್ಳಿರುವ ಚೈನಿನ ಗುರುತು ಅದು. ಆ ನಾಯಿ ಕಲಿತು ಬಂದಿದ್ದು ಹೆದರಿಕೆಯನ್ನು. ಅದನ್ನು ಬಿಡಿಸಲು ಆರು ತಿಂಗಳು ಹಿಡಿಯಿತು. ಹೊಡೆಯುವುದು, ಅತಿ ಗಿಡ್ಡ ಸರಪಳಿಯಲ್ಲಿ ತುಂಬಾ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ಅನ್ನುವುದೂ ನಿಮಗೆ ಗೊತ್ತಿರಲಿ.

ಇನ್ನು ಗ್ಯಾರಂಟಿ. ಮಿಕ್ಸಿಗೆ ಕೊಡಬಹುದು, ನಾಯಿಗೆ ಹೇಗೆ ಕೊಡುತ್ತಾರೆ? ನಾಯಿ ಎಲ್ಲಿ ಕಲಿಯುತ್ತದೋ ಯಾರ ಜೊತೆ ಕಲಿಯುತ್ತದೋ ಅಲ್ಲಿಗೆ ಅವರಿಗೆ ಸೇರಿಸಿಯೇ ಪಾಠ ನೆನಪಿಟ್ಟುಕೊಳ್ಳುತ್ತದೆ. ಫಾರ್ಮಿನಲ್ಲಿ ದೇವರಂಥ ನಾಯಿ ನಿಮ್ಮ ಲಿಫ್ಟಿನ ಬಾಗಿಲು ತೆರೆದ ಕೂಡಲೇ ಮತ್ತೆ ಹಾರುತ್ತದೆ, ಯಾಕೆಂದರೆ ಅಲ್ಲಿ ಬದಲಾಗಬೇಕಾಗಿದ್ದು ನೀವು. 8 ತಿಂಗಳು ಅಂದರೆ ಮನುಷ್ಯರಲ್ಲಿ ಹೈಸ್ಕೂಲು ಹುಡುಗನ ವಯಸ್ಸು ಅಂದುಕೊಳ್ಳಿ. ಮನೆಗೇ ಬಂದು ನಿಮ್ಮ ಕೈಯಲ್ಲೇ ಹಗ್ಗ ಕೊಟ್ಟು ನಿಮಗೆ ಕಲಿಸುವವರನ್ನು ಹುಡುಕಿ. ಹಾರಿದಾಗ ಎಲ್ಲರೂ ಮುಖ ತಿರುಗಿಸಿ ನಿಲ್ಲಬೇಕು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಬೇಕು. ಮನೆಯಲ್ಲಿ ಒಬ್ಬರು (ಸಾಮಾನ್ಯವಾಗಿ ಅಜ್ಜಿ) ಹಾರಿದಾಗಲೇ ಬಿಸ್ಕೆಟ್ ಕೊಟ್ಟುಬಿಟ್ಟರೆ ಯಾವ ಟ್ರೇನರ್ ಬಂದರೂ ಪ್ರಯೋಜನ ಇಲ್ಲ.

ಒಬ್ಬರನ್ನು ಗೊತ್ತು ಮಾಡುವ ಮೊದಲು ಅವರು ಬೇರೆ ಯಾರದೋ ನಾಯಿಗೆ ಕಲಿಸುವ ಒಂದು ಕ್ಲಾಸು ಪೂರ್ತಿ ಕೂತು ನೋಡಿ. ಟ್ರೇನರ್ ಮಾತು ಕೇಳಬೇಡಿ, ನಾಯಿಯನ್ನು ನೋಡಿ. ಬಾಲ ಹೊಟ್ಟೆ ಕೆಳಗೆ ಹೋಗಿದೆಯಾ, ನಿದ್ದೆ ಬಾರದಿದ್ದರೂ ಪದೇ ಪದೇ ಆಕಳಿಸುತ್ತಿದೆಯಾ, ತುಟಿ ನೆಕ್ಕಿಕೊಂಡು ಮುಖ ತಿರುಗಿಸುತ್ತಿದೆಯಾ? ಇವೆಲ್ಲ ಹೆದರಿಕೆಯ ಗುರುತು. ಬೇಯಿಸಿದ ಕೋಳಿಯ ತುಂಡು ಹಿಡಿದ ಕೈಯ ಹತ್ತಿರ ತಾನಾಗಿ ಓಡಿ ಬರುತ್ತಿದೆಯಾ? ಹಾಗಿದ್ದರೆ ಪಾಠ ಸರಿ ಇದೆ. ಆಮೇಲೆ "ನನ್ನ ನಾಯಿ ತಪ್ಪು ಮಾಡಿದರೆ ನೀವು ಏನು ಮಾಡುತ್ತೀರಿ?" ಅಂತ ಕೇಳಿ. "ಅದೆಲ್ಲ ನಮಗೆ ಬಿಡಿ ಸಾರ್" ಅನ್ನುವ ಉತ್ತರ ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಪ್ರಶ್ನೆ: ಎರಡು ವಾರದಿಂದ ನಮ್ಮ ನಾಯಿ ಊಟದ ಬಟ್ಟಲ ಹತ್ತಿರ ಹೋದರೆ ಗುರ್ ಅನ್ನುತ್ತದೆ. ಮೊದಲು ಹೀಗಿರಲಿಲ್ಲ. ಟ್ರೇನರ್ ಅದನ್ನು ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿದು "ಯಜಮಾನ ಯಾರು ಅಂತ ತೋರಿಸಿ" ಎಂದರು. ಸರಿಯೇ? (ಮೈಸೂರು)

ಸರಿಯಲ್ಲ, ಮುಖಕ್ಕೆ ಕಚ್ಚಿಸಿಕೊಳ್ಳುವ ದಾರಿ ಅದು. ಗುರ್ ಅನ್ನುವುದು ಹಾರ್ನ್ ಇದ್ದ ಹಾಗೆ. ಹಾರ್ನ್ ಕಿತ್ತು ಹಾಕಿದರೆ ಗಾಡಿ ಬರುವುದು ನಿಲ್ಲುವುದಿಲ್ಲ, ಸದ್ದು ಮಾಡದೆ ಬರುತ್ತದೆ. ಗುರ್ ಅಂದಿದ್ದಕ್ಕೆ ಶಿಕ್ಷೆ ಕೊಟ್ಟ ನಾಯಿ ನಾಳೆ ಎಚ್ಚರಿಕೆ ಕೊಡದೆ ನೇರ ಬಾಯಿ ಹಾಕುತ್ತದೆ. ಈ "ಯಜಮಾನ" ಸಿದ್ಧಾಂತ ಹುಟ್ಟಿದ್ದು ಬೇಲಿಯೊಳಗೆ ಕೂಡಿಹಾಕಿದ ತೋಳಗಳನ್ನು ನೋಡಿ. ಅದನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಎಂಬ ವಿಜ್ಞಾನಿಯೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ, ಅಲ್ಲಿ ಯಜಮಾನಿಕೆಗೆ ಹೊಡೆದಾಟ ಅಂತೇನಿಲ್ಲ ಎಂದು ತಿದ್ದಿ ಬರೆದರು. ಇಪ್ಪತ್ತೈದು ವರ್ಷ ಕಳೆದರೂ ಸುದ್ದಿ ನಮ್ಮ ಟ್ರೇನರುಗಳಿಗೆ ಮುಟ್ಟಿಲ್ಲ.

ನೀವು "ಮೊದಲು ಹೀಗಿರಲಿಲ್ಲ" ಅಂದಿದ್ದೀರಿ. ಹಾಗಾದರೆ ಟ್ರೇನರಿಗೂ ಮೊದಲು ಡಾಕ್ಟ್ರ ಹತ್ತಿರ ಹೋಗಬೇಕು. ಹಲ್ಲು ಮುರಿದಿರಬಹುದು, ಕಿವಿಯೊಳಗೆ ಸೋಂಕಾಗಿರಬಹುದು, ಸೊಂಟ ನೋಯುತ್ತಿರಬಹುದು. ಇದನ್ನು ತಾನೇ ಹೇಳಿ ನಿಮ್ಮನ್ನು ಡಾಕ್ಟ್ರ ಹತ್ತಿರ ಕಳಿಸುವ ಟ್ರೇನರ್ ಸಿಕ್ಕರೆ ಅವರನ್ನು ಬಿಡಬೇಡಿ.

ಪ್ರಶ್ನೆ: ಅಂಗಡಿಯಿಂದ ಎರಡು ತಿಂಗಳ ಮರಿ ತಂದೆವು. ಎರಡು ಇಂಜೆಕ್ಷನ್ ಆಗಿದೆ ಎಂದು ಕಾರ್ಡು ಕೊಟ್ಟರು, ಅದರಲ್ಲಿ ಪೆನ್ನಿನಲ್ಲಿ ಬರೆದ ತಾರೀಖು ಬಿಟ್ಟರೆ ಏನೂ ಇಲ್ಲ. ಉಳಿದ ಇಂಜೆಕ್ಷನ್ ಕಡಿಮೆ ದುಡ್ಡಿಗೆ ಮನೆಗೇ ಬಂದು ಹಾಕುತ್ತೇವೆ ಎನ್ನುತ್ತಿದ್ದಾರೆ. ಒಳ್ಳೆಯ ಡಾಕ್ಟ್ರನ್ನು ಗುರುತಿಸುವುದು ಹೇಗೆ? (ತುಮಕೂರು)

ಆ ಕಾರ್ಡನ್ನು ಇಲ್ಲ ಅಂತಲೇ ತಿಳಿಯಿರಿ. ಲಸಿಕೆಯ ಬಾಟಲಿ ಮೇಲೆ ಪುಟ್ಟ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬ್ಯಾಚ್ ನಂಬರ್, ಮುಗಿಯುವ ತಾರೀಖು. ಡಾಕ್ಟ್ರು ಅದನ್ನು ಕಿತ್ತು ನಿಮ್ಮೆದುರೇ ಕಾರ್ಡಿಗೆ ಅಂಟಿಸಿ, ಸಹಿ ಹಾಕಿ, ತಮ್ಮ ನೋಂದಣಿ ಸಂಖ್ಯೆಯ ಸೀಲು ಒತ್ತಬೇಕು. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಪ್ಯಾಂಟಿನ ಜೇಬಿನಲ್ಲಿ ಬೈಕ್ ಮೇಲೆ ಬಂದ ಲಸಿಕೆ ಹಾಕಿಸುವುದೂ ಒಂದೇ, ನೀರು ಹಾಕಿಸುವುದೂ ಒಂದೇ.

ನಾಳೆಯೇ ಮರಿಯನ್ನು ಡಾಕ್ಟ್ರಿಗೆ ತೋರಿಸಿ ಮೊದಲಿಂದ ಶುರು ಮಾಡಿ. ಸಾಮಾನ್ಯವಾಗಿ 6ರಿಂದ 8 ವಾರಕ್ಕೆ ಮೊದಲ ಡೋಸ್, ಆಮೇಲೆ 3ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಅಷ್ಟು ಸಲ ಯಾಕೆ, ದುಡ್ಡು ಮಾಡಲು ಅಂತ ಬೈಯುವವರಿದ್ದಾರೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಎಂದು ಹೊರಗಿಂದ ನೋಡಿ ಹೇಳಲು ಆಗಲ್ಲ, ಅದಕ್ಕೇ ಮತ್ತೆ ಮತ್ತೆ. ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ್ದು. ಈ ನಡುವೆ ಮರಿ ಊಟ ಬಿಟ್ಟು ವಾಂತಿ ಮಾಡಿ, ರಕ್ತ ಬೆರೆತ ನಾರುವ ಭೇದಿ ಶುರುವಾದರೆ ಪಾರ್ವೋ ಎಂಬ ವೈರಸ್ ರೋಗ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ಈಗ ಡಾಕ್ಟ್ರ ಮಾತು. ಬಿ.ವಿ.ಎಸ್ಸಿ ಅಂಡ್ ಎ.ಎಚ್ ಅನ್ನುವ ಪದವಿ ಇರಬೇಕು, ಕರ್ನಾಟಕ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಇರಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಹೇಳುವುದೇ ಅದು. ಡಿಪ್ಲೊಮಾ ಮಾಡಿದವರು ಡಾಕ್ಟ್ರ ಉಸ್ತುವಾರಿಯಲ್ಲಿ ಸಣ್ಣಪುಟ್ಟ ಕೆಲಸ ಮಾಡಬಹುದು, ತಾವೇ ಡಾಕ್ಟ್ರು ಎಂದು ಬೋರ್ಡು ಹಾಕುವ ಹಾಗಿಲ್ಲ. ಅಂಗಡಿಯ ಹುಡುಗ ಇದ್ಯಾವುದೂ ಅಲ್ಲ.

ಪದವಿ ಇದ್ದ ಮಾತ್ರಕ್ಕೆ ಒಳ್ಳೆಯವರು ಅಂತಲ್ಲ, ಒಪ್ಪುತ್ತೇನೆ. ನಾನು ಬೇರೆಯವರ ಕ್ಲಿನಿಕ್‌ಗೆ ಹೋದಾಗ ಮೊದಲು ನೋಡುವುದು ತೂಕದ ಯಂತ್ರವನ್ನು. ಔಷಧಿಯ ಲೆಕ್ಕವೆಲ್ಲ ಕೆಜಿಯ ಮೇಲೆ ಇರುವುದು, ತೂಕವನ್ನೇ ಮಾಡದೆ ಸಿರಿಂಜ್ ತುಂಬಿಸುವವರು ಅಂದಾಜಿನ ಮೇಲೆ ನಡೆಸುತ್ತಿದ್ದಾರೆ. ಜ್ವರ ನೋಡಬೇಕು (ನಾಯಿಗೆ ಸುಮಾರು 101ರಿಂದ 102.5 ಫ್ಯಾರನ್‌ಹೀಟ್ ಮಾಮೂಲಿ, ಗಾಬರಿಯಾಗಬೇಡಿ). ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು ಎಷ್ಟು ಬೇಗ ಬಣ್ಣ ಮರಳಿ ಬರುತ್ತದೆ ಎಂದು ನೋಡಬೇಕು. ಹೊಟ್ಟೆ ಮುಟ್ಟಬೇಕು. ನಾಯಿಯನ್ನು ಮುಟ್ಟದೇ ಮೂರು ಸೂಜಿ ಚುಚ್ಚಿ "ನಾಳೆ ಮತ್ತೆ ಬನ್ನಿ" ಅಂದರೆ ನಾಳೆ ಬೇರೆ ಕಡೆ ಹೋಗಿ.

ಏನು ಕೊಟ್ಟರು, ಎಷ್ಟು ಕೊಟ್ಟರು, ಯಾತಕ್ಕೆ ಕೊಟ್ಟರು, ಎಲ್ಲ ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಭಯ ಬೇಡ. ನಾಳೆ ರಾತ್ರಿ ನಾಯಿಗೆ ಜೋರಾಗಿ ನೀವು ಬೇರೆ ಡಾಕ್ಟ್ರ ಹತ್ತಿರ ಓಡಿದಾಗ ಅವರು ಮೊದಲು ಕೇಳುವುದು ಆ ಚೀಟಿಯನ್ನೇ. ತುರಿಕೆಗೆ ಅಂತ ಒಂದೇ ಇಂಜೆಕ್ಷನ್, ಎರಡು ದಿನದಲ್ಲಿ ಮಾಯಮಂತ್ರದಂತೆ ವಾಸಿ, ಮೂರನೇ ವಾರ ಮತ್ತೆ ಅದೇ ತುರಿಕೆ, ಹೀಗೆ ಆಗುತ್ತಿದ್ದರೆ ಅದು ಸ್ಟೀರಾಯ್ಡ್ ಇರಬಹುದು. ಸ್ಟೀರಾಯ್ಡ್ ಕೆಟ್ಟದ್ದಲ್ಲ, ನಾನೂ ಕೊಡುತ್ತೇನೆ. ಕಾರಣ ಹುಡುಕದೆ ಅದನ್ನೇ ಕೊಡುತ್ತಾ ಹೋಗುವುದು ತಪ್ಪು. ಉಣ್ಣಿ ಕಚ್ಚಿ ಬರುವ ಜ್ವರದ ಕಥೆಯೂ ಅಷ್ಟೇ. ನಮ್ಮ ಕಡೆ ಅದು ನಿಜವಾಗಿಯೂ ತುಂಬಾ ಇದೆ, ಅದಕ್ಕೇ ಜ್ವರ ಬಂದ ನಾಯಿಗೆಲ್ಲ ಟಿಕ್ ಫೀವರ್ ಅನ್ನುವುದು ಸುಲಭವಾಗಿಬಿಟ್ಟಿದೆ. ರಕ್ತ ಪರೀಕ್ಷೆ ಮಾಡಿಸೋಣವಾ, ಪ್ಲೇಟ್‌ಲೆಟ್ ಎಷ್ಟಿದೆ ನೋಡೋಣವಾ ಅಂತ ನೀವೇ ಕೇಳಿ.

ಒಂದು ಮಾತು ಕೇಳಿಸಿದರೆ ಮಾತ್ರ ಆ ಡಾಕ್ಟ್ರನ್ನು ಕಣ್ಣು ಮುಚ್ಚಿ ನಂಬುತ್ತೇನೆ: "ಇದು ನನ್ನ ಕೈಲಿ ಆಗಲ್ಲ, ಹೆಬ್ಬಾಳಕ್ಕೆ ಕರೆದುಕೊಂಡು ಹೋಗಿ." ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಾಯಬೇಕಾಗುತ್ತದೆ, ಸುತ್ತ ವಿದ್ಯಾರ್ಥಿಗಳು ನಿಂತಿರುತ್ತಾರೆ, ಒಂದೇ ಪ್ರಶ್ನೆಯನ್ನು ಮೂವರು ಕೇಳುತ್ತಾರೆ. ಕೇಳಲಿ ಬಿಡಿ, ಅಷ್ಟು ಜನ ನೋಡಿದರೆ ತಪ್ಪಿಹೋಗುವುದು ಕಡಿಮೆ. ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರ ಇದ್ದವರು ಅಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮ ಹೊಲದಲ್ಲಿ ಎರಡು ಮುಧೋಳ ನಾಯಿ ಇವೆ. ಊರಲ್ಲಿ ನಾಯಿ ಡಾಕ್ಟ್ರು ಇಲ್ಲ. ಜ್ವರ ಬಂದರೆ ಮೆಡಿಕಲ್ ಶಾಪಿನವರು ಕೊಡುವ ಮಾತ್ರೆಯನ್ನೇ ಅರ್ಧ ಮಾಡಿ ಹಾಕುತ್ತೇವೆ. ತೊಂದರೆ ಇದೆಯೇ? (ಬಾಗಲಕೋಟೆ ಜಿಲ್ಲೆ)

ದೊಡ್ಡ ತೊಂದರೆ ಇದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ನೀವಾಗಿಯೇ ಹಾಕಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಅದರ ಹತ್ತಿರವೂ ಸುಳಿಯಬಾರದು, ಬೆಕ್ಕಿಗೆ ಒಂದು ಮಾತ್ರೆ ಸಾಯಲು ಸಾಕು. ಎಮ್ಮೆಗೆ ಹೇನು ಅಂತ ತಂದ ಇಂಜೆಕ್ಷನ್ ಉಳಿಯಿತು, ನಾಯಿಗೂ ಒಂದು ಹನಿ ಹಾಕೋಣ ಅನ್ನುವ ಕೆಲಸವೂ ಬೇಡ.

ನಿಮ್ಮ ಊರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ದನ ನೋಡುವ ಡಾಕ್ಟ್ರು ಇದ್ದಾರಲ್ಲ, ಅವರು ಓದಿದ ಪದವಿಯಲ್ಲಿ ನಾಯಿಯೂ ಇದೆ. ಸುಮ್ನೆ ಹೋಗಿ ಕೇಳಿ. ತಳಿಯ ಬಗ್ಗೆ ತಿಳಿಯಬೇಕಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ, ನಿಮ್ಮ ಜಿಲ್ಲೆಯಲ್ಲೇ. ಮುಧೋಳದ ಪಕ್ಕೆಲುಬು ಸ್ವಲ್ಪ ಕಾಣುವುದು ಸಹಜ ಅನ್ನುವುದನ್ನೂ ಅವರೇ ಹೇಳುತ್ತಾರೆ, ಪೇಟೆಯಿಂದ ಬಂದ ನೆಂಟರು "ಊಟ ಹಾಕಲ್ವಾ" ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಕ್ಲಿನಿಕ್‌ಗೆ ಹೋದ ಕೂಡಲೇ ನಮ್ಮ ನಾಯಿ ಆರಾಮಾಗಿಬಿಡುತ್ತದೆ. ಕುಂಟುವುದೂ ಇಲ್ಲ, ಕೆಮ್ಮುವುದೂ ಇಲ್ಲ. ಡಾಕ್ಟ್ರು ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ. (ಹುಬ್ಬಳ್ಳಿ)

ಹೊಸ ಜಾಗದ ಭಯಕ್ಕೆ ನೋವು ಮರೆತು ನೆಟ್ಟಗೆ ನಡೆಯುತ್ತವೆ, ನನ್ನ ಟೇಬಲ್ ಮೇಲೂ ದಿನಾ ಇದೇ ನಾಟಕ. ಮನೆಯಲ್ಲಿ ಕುಂಟುವಾಗ, ಕೆಮ್ಮುವಾಗ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ಮಾಡಿ ತನ್ನಿ. ಕುಂಟುವುದನ್ನು ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ತೆಗೆಯಿರಿ. ವಾಂತಿ ಮಾಡಿದ್ದರೆ ಅದರದ್ದೂ ಫೋಟೋ ಇರಲಿ, ಏನಾದರೂ ಅಗಿದು ನುಂಗಿದ್ದರೆ ಉಳಿದ ಚೂರನ್ನು ಕವರಿನಲ್ಲಿ ಹಾಕಿ ತನ್ನಿ. ಮೊನ್ನೆ ಒಬ್ಬರು ಒಂದೇ ಕಾಲಿನ ಸಾಕ್ಸ್ ತಂದು ಟೇಬಲ್ ಮೇಲೆ ಇಟ್ಟರು. ಇನ್ನೊಂದು ಎಲ್ಲಿದೆ ಅಂತ ನಾನು ಕೇಳುವ ಅಗತ್ಯವೇ ಬೀಳಲಿಲ್ಲ.