ವಿಲ್ ಸಾಕಾ, ಟ್ರಸ್ಟ್ ಬೇಕಾ?

ಪ್ರಶ್ನೆ: ನಾನು ಕಲಬುರಗಿಯ ನಿವೃತ್ತ ಶಿಕ್ಷಕ. ಸ್ವಂತ ಮನೆ ಇದೆ. ಆಳಂದ ತಾಲ್ಲೂಕಿನಲ್ಲಿ ನಾನೇ ಖರೀದಿಸಿದ 6 ಎಕರೆ ತೊಗರಿ ಹೊಲ ಇದೆ. ಮೂವರು ಮಕ್ಕಳು. ಕಿರಿಯ ಮಗನಿಗೆ 24 ವರ್ಷ, ಬುದ್ಧಿ ಬೆಳವಣಿಗೆ ಕಡಿಮೆ. ವಿಲ್ ಕೋರ್ಟಿನಲ್ಲಿ ನಿಲ್ಲಲ್ಲ, ಈಗಲೇ ಟ್ರಸ್ಟ್ ಮಾಡಿಸಿ ಅಂತ ಒಬ್ಬ ಏಜೆಂಟ್ ಬೆನ್ನು ಬಿದ್ದಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ಆ ಏಜೆಂಟನ ಫೋನ್ ಎತ್ತುವುದು ಬಿಡಿ. ಟ್ರಸ್ಟ್ ಅಂದರೆ ಆಸ್ತಿಯನ್ನು ಟ್ರಸ್ಟಿ ಎಂಬ ನಂಬಿಕಸ್ತರ ಕೈಗೆ ಕೊಟ್ಟು, ನೀವು ಹೇಳಿದವರ ಸಲುವಾಗಿ ನೋಡಿಕೊಳ್ಳುವ ಏರ್ಪಾಡು. ಟ್ರಸ್ಟ್ ಪತ್ರವನ್ನೂ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಅದನ್ನು ಅವನು ಹೇಳುವುದಿಲ್ಲ. ಮನೆ, ಹೊಲ ಈಗಲೇ ಟ್ರಸ್ಟಿಗೆ ಹಾಕಿದರೆ ನೋಂದಣಿ ಕಡ್ಡಾಯ, ಮುದ್ರಾಂಕ ಶುಲ್ಕ ಬೇರೆ. ರದ್ದು ಮಾಡುವ ಹಕ್ಕನ್ನು ಪತ್ರದಲ್ಲಿ ಬರೆದುಕೊಳ್ಳದಿದ್ದರೆ ನಾಳೆ ಮನಸ್ಸು ಬದಲಾದರೂ ವಾಪಸ್ ಬರಲ್ಲ. ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ನಿಮ್ಮಿಷ್ಟ, ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಹಾಗಂತ ಟ್ರಸ್ಟ್ ನಿಮಗೆ ಬೇಡವೇ ಬೇಡ ಅಂತಲ್ಲ. ದೊಡ್ಡವರಿಬ್ಬರಿಗೆ ವಿಲ್ ಸಾಕು. ಕಿರಿಯವನ ಪಾಲು ನೇರ ಅವನ ಹೆಸರಿಗೆ ಬಂದರೆ ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾರೆ. ಆದ್ದರಿಂದ ಅವನ ಪಾಲಿಗೆ ಮಾತ್ರ ವಿಲ್ ಒಳಗೇ ಟ್ರಸ್ಟ್ ಬರೆಯಿರಿ. 1882ರ ಟ್ರಸ್ಟ್ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ. ಅದು ನಿಮ್ಮ ಕಾಲಾನಂತರ ಜಾರಿಗೆ ಬರುತ್ತದೆ. ತಿಂಗಳ ಖರ್ಚು ಎಲ್ಲಿಂದ, ಹೊಲ ಲಾವಣಿಗೆ ಕೊಡುವವರು ಯಾರು, ಒಬ್ಬ ಟ್ರಸ್ಟಿ ತೀರಿದರೆ ಮುಂದೆ ಯಾರು, ಎಲ್ಲವೂ ಅದರಲ್ಲಿರಲಿ.

ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಟ್ರಸ್ಟಿಯೂ ಅಣ್ಣ, ತಮ್ಮನ ನಂತರ ಉಳಿದಿದ್ದೆಲ್ಲ ಅಣ್ಣನಿಗೇ ಅಂತ ಬರೆಸುತ್ತಾರೆ. ಆಗ ತಮ್ಮನ ಔಷಧಿಗೆ ಖರ್ಚು ಮಾಡದಷ್ಟೂ ಅಣ್ಣನಿಗೆ ಲಾಭ! ಅಣ್ಣ ಒಳ್ಳೆಯವನೇ ಇರಬಹುದು, ಆದರೂ ಜೊತೆಗೆ ಮಗಳನ್ನೋ ನಂಬಿಕೆಯ ಬೀಗರನ್ನೋ ಸೇರಿಸಿ.

ಹಣ ನೋಡುವವರು ಬೇರೆ, ಹುಡುಗನನ್ನು ನೋಡುವವರು ಬೇರೆ. 18 ದಾಟಿದ ಮೇಲೆ ಕಾನೂನಿನ ಕಣ್ಣಲ್ಲಿ ತಂದೆ-ತಾಯಿಯೂ ತಾವಾಗಿ ಪಾಲಕರಲ್ಲ. ಬುದ್ಧಿ ಬೆಳವಣಿಗೆ ಕಡಿಮೆ ಇರುವಂಥವರಿಗಾಗಿಯೇ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಪಾಲಕತ್ವದ ಅರ್ಜಿ ಹಾಕಿ. ಇದನ್ನು ಮುಂದೂಡಬೇಡಿ.

ವಿಲ್ ಬಿದ್ದುಹೋಗುವುದು ಬರೆಸುವವರ ಅವಸರದಿಂದ. ನನ್ನ ಮುಂದೆ ಬರುವ ಕಾಗದಗಳನ್ನು ನೋಡಬೇಕು: ದುಬಾರಿ ಬಾಂಡ್ ಪೇಪರ್, ನೋಟರಿಯ ದುಂಡನೆಯ ಮೊಹರು, ಕೆಳಗೆ ‘ಸಾಕ್ಷಿದಾರರು’ ಅಂತ ಬರೆದ ಜಾಗ ಖಾಲಿ! ಬಾಂಡ್ ಬೇಕಿಲ್ಲ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕುವುದನ್ನು ನೋಡಿ, ನಿಮ್ಮೆದುರೇ ಸಹಿ ಹಾಕಬೇಕು. ನಿಮಗಿಂತ ಚಿಕ್ಕವರನ್ನೇ ಕರೆಯಿರಿ. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಜಾಸ್ತಿ ಪಾಲು ಪಡೆಯುವ ಮಗನೇ ಬಾಂಡ್ ರೈಟರ್ ಹತ್ತಿರ ಓಡಾಡಬಾರದು. ಹಾಗಾದರೆ ಅನುಮಾನ ನಿವಾರಿಸುವ ಹೊಣೆ ಅವನದೇ ಅಂತ ಸುಪ್ರೀಂ ಕೋರ್ಟ್ 1959ರಲ್ಲೇ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಹೇಳಿದೆ.

ಪ್ರಶ್ನೆ: ಬೀದರಿನಲ್ಲಿರುವ ನನ್ನ ಮನೆಯನ್ನು ಹಿರಿಯ ಮಗನಿಗೊಬ್ಬನಿಗೇ ವಸಿಯತ್ (ವಿಲ್) ಮಾಡಬಹುದೇ? ನಾವು ಸುನ್ನಿ ಮುಸ್ಲಿಮರು.

ಉತ್ತರ: ನಿಮ್ಮ ನಂತರ ಉಳಿದ ವಾರಸುದಾರರು ಒಪ್ಪದಿದ್ದರೆ ನಡೆಯಲ್ಲ.

ಪ್ರಶ್ನೆ: ಠೇವಣಿಗೆ ನಾಮಿನಿ ಇದ್ದಾನೆ, ವಿಲ್ ಯಾಕೆ? (ಯಾದಗಿರಿ)

ಉತ್ತರ: ನಾಮಿನಿ ಹಣ ಪಡೆಯುತ್ತಾನೆ, ಅಷ್ಟಕ್ಕೇ ಮಾಲೀಕನಾಗಲ್ಲ. ಎಷ್ಟು ಸಲ ಹೇಳುವುದು?

ಪ್ರಶ್ನೆ: ಹಿರಿಯರಿಂದ ಬಂದ ಹೊಲ ಪೂರ್ತಿ ಗಂಡುಮಕ್ಕಳಿಗೆ ಬರೆದರೆ?

ಉತ್ತರ: ಹಿಂದೂ ಕುಟುಂಬಗಳಲ್ಲಿ 2005ರಿಂದ ಹೆಣ್ಣುಮಕ್ಕಳಿಗೂ ಸಮಪಾಲು. ನಿಮ್ಮ ಪಾಲಿನಷ್ಟನ್ನು ಮಾತ್ರ ವಿಲ್ ಮಾಡಬಹುದು, ಅವರದ್ದನ್ನಲ್ಲ.

ಪ್ರಶ್ನೆ: ಇದೆಲ್ಲ ತಲೆನೋವು ಯಾಕೆ, ಈಗಲೇ ಮಗನಿಗೆ ದಾನಪತ್ರ ಮಾಡಿಬಿಡಲೇ?

ಉತ್ತರ: ಬೇಡ. ಮಾಡಲೇಬೇಕೆಂದರೆ, ಕೊನೆತನಕ ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ದಾನ ರದ್ದು ಮಾಡಿಸಲು ಸಹಾಯಕ ಆಯುಕ್ತರ ಮುಂದೆ ಹೋದಾಗ ಮೊದಲು ಹುಡುಕುವುದು ಆ ಸಾಲನ್ನೇ.