ಕಾಸರಗೋಡಿನಂಥ ಕಡೆ ಬರೀ ಕನ್ನಡದಲ್ಲಿ ಜನರನ್ನು ನಗಿಸ್ಲಿಕ್ಕೆ ಆಗ್ತದಾ?

ನೀವು ಸ್ಟ್ಯಾಂಡಪ್ ಶುರು ಮಾಡಿದವರು, ಕಾಸರಗೋಡಲ್ಲಿ ಶೋ ಉಂಟು, ಅಲ್ಲಿ ಮಲಯಾಳ ತುಳು ಬೆರೆಸದಿದ್ರೆ ಜನ ನಗುವುದಿಲ್ಲ ಅಂತಾರಲ್ಲ, ಹೌದಾ ಅಂತ ಕೇಳಿದ್ದೀರಿ. ಹಾಗೇನಿಲ್ಲ, ಧೈರ್ಯವಾಗಿ ಕನ್ನಡದಲ್ಲೇ ಮಾಡಿ. ನಾನು ಕುಂಬಳೆ ಕಡೆಯವ, ಯಕ್ಷಗಾನದಲ್ಲಿ ಹಾಸ್ಯಗಾರನಾಗಿಯೇ ತಿರುಗಾಟ ಮಾಡಿ ವಯಸ್ಸಾದದ್ದು, ಹಾಗಾಗಿ ನನ್ನ ಉತ್ತರ ಪೂರ್ತಿ ಆ ಕಡೆಯಿಂದಲೇ ಬರ್ತದೆ.

ನಮ್ಮ ರಂಗಸ್ಥಳದಲ್ಲಿ ಒಂದು ಕಟ್ಟುಪಾಡು ಉಂಟು, ಇಂಗ್ಲಿಷ್ ಶಬ್ದ ಬರಬಾರದು. ದೇವೇಂದ್ರ, ರಾವಣ, ಕಂಸ ಎಲ್ಲರದ್ದೂ ಗ್ರಾಂಥಿಕ ಕನ್ನಡ. ಮನೆಮಾತಿಗೆ ಇಳಿಯುವ ಸ್ವಾತಂತ್ರ್ಯ ಇರುವುದು ಹಾಸ್ಯಗಾರನಿಗೆ ಮಾತ್ರ. ದೊರೆ ಅಷ್ಟು ಎತ್ತರದಲ್ಲಿ ನಿಂತು ಮಾತಾಡುವಾಗ ದೂತ ಕೆಳಗಿಂದ ಅದನ್ನೇ ನಮ್ಮ ಅಂಗಳದ ಭಾಷೆಯಲ್ಲಿ ತಿರುಗಿ ಕೇಳ್ತಾನೆ ನೋಡಿ, ನಗು ಹುಟ್ಟುವುದು ಅಲ್ಲಿಯೇ, ಮತ್ತೆ ಕಥೆ ಅರ್ಥ ಆಗದೆ ಕೂತವರಿಗೆ ಕಥೆಯೂ ಸಿಕ್ತದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮಲಯಾಳ ಮೀಡಿಯಂನಲ್ಲಿ ಕಲಿತ ಮಕ್ಕಳೂ ಆಟ, ಅಂದ್ರೆ ಯಕ್ಷಗಾನ, ನೋಡ್ಲಿಕ್ಕೆ ಬರ್ತಾರೆ, ಅವರಿಗೆ ಗ್ರಾಂಥಿಕ ಕಷ್ಟ, ಅವರನ್ನು ಕೈಹಿಡಿದು ಕಥೆಯೊಳಗೆ ಕರ್ಕೊಂಡು ಹೋಗುವವ ಹಾಸ್ಯಗಾರ. ಆದ್ರೆ ದೊರೆಯ ಕನ್ನಡ ಅವನಿಗೆ ದೊರೆಯಷ್ಟೇ ಚೆನ್ನಾಗಿ ಗೊತ್ತಿರ್ಬೇಕು. ಪುರಾಣ ಓದದವನಿಗೆ, ಪದ್ಯದ ಅರ್ಥ ಬಾರದವನಿಗೆ ಹಾಸ್ಯದ ವೇಷ ಕೊಡ್ಬಾರ್ದು ಅಂತ ನಾನು ಈಗಲೂ ಹೇಳ್ತೇನೆ.

ಒಂದು ಉದಾಹರಣೆ ಕೊಡ್ತೇನೆ. ಕಂಸವಧೆಯ ಕಥೆಯಲ್ಲಿ ರಜಕ ಬರ್ತಾನೆ, ಅರಮನೆಯ ಬಟ್ಟೆ ಒಗೆಯುವವ, ಆ ವೇಷ ನನ್ನದು. ಕೃಷ್ಣ ಅವನನ್ನು ತಡೆದು "ಈ ಉಡುಪುಗಳು ಯಾರವು?" ಅಂತ ಕೇಳ್ತಾನೆ. "ನಂದು" ಅಂತೇನೆ ನಾನು. "ನಿನ್ನವೇ?" "ಹೌದು, ಒಗೆಯುವವರೆಗೆ ನಂದು, ಒಣಗಿದ ಮೇಲೆ ದೊರೆಯದ್ದು." ಇದರಲ್ಲಿ ಕಷ್ಟದ ಶಬ್ದ ಒಂದೂ ಇಲ್ಲ, ಬೇರೆ ಭಾಷೆಯೂ ಇಲ್ಲ. ಇಡೀ ಹಾಸ್ಯ ನಿಂತಿರುವುದು ಮೊದಲ "ನಂದು" ಆದ ಮೇಲೆ ಸುಮ್ಮನಿರುವ ಆ ಹೊತ್ತಿನಲ್ಲಿ. ಆಗ ಚೆಂಡೆ ಒಂದು ಪೆಟ್ಟು ಬಿದ್ರೂ ಮುಗೀತು, ಕೃಷ್ಣನ ವೇಷದವರು ಅವಸರದಲ್ಲಿ ಮುಂದಿನ ಮಾತು ತೆಗೆದ್ರೂ ಮುಗೀತು. ಅವರು ನಿಜವಾಗಿ ಆಶ್ಚರ್ಯದಿಂದ "ನಿನ್ನವೇ?" ಅಂತ ಕೇಳ್ಬೇಕು, ಅರ್ಧ ನಗು ಅವರದ್ದೇ. ಮತ್ತೆ ರಜಕನನ್ನು ಪೆದ್ದ ಮಾಡಬಾರದು. ಅವನಿಗೆ ತನ್ನ ಕೆಲಸದ ಬಗ್ಗೆ ಗರ್ವ ಉಂಟು, ಜನ ನಗುವುದು ಆ ಗರ್ವ ಕಂಡು. ಅವನ ಜಾತಿ, ನಡಿಗೆ, ಉಚ್ಚಾರ ಹಿಡಿದು ನಗಿಸಿದ್ರೆ ಆಟ ನೋಡ್ಲಿಕ್ಕೆ ಬಂದ ಯಾರೋ ಒಬ್ಬರು ತಲೆ ತಗ್ಗಿಸಿ ಕೂರ್ತಾರೆ. ಅಂಥ ನಗು ನಂಗೆ ಬೇಡ.

ಮಲಯಾಳ ಬೆರೆಸುವ ವಿಷಯವೂ ಹಾಗೇ. ಇಲ್ಲಿ ಒಂದೇ ಅಂಗಡಿಯ ಜಗಲಿಯಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಕೇಳ್ತದೆ, ಅದಕ್ಕೇ ಸಪ್ತಭಾಷಾ ಸಂಗಮ ಅನ್ನುವುದು. ನಿಮ್ಮ ಪಾತ್ರ ಮಂಜೇಶ್ವರದ ಬಸ್ಸಲ್ಲಿ ಹೋಗುವ ಮನುಷ್ಯ ಆದ್ರೆ ಅವನ ಬಾಯಲ್ಲಿ ಎರಡು ಮಾತು ಮಲಯಾಳ ಬರಲಿ, ಅದು ಸಹಜ. ಬರೀ ಚಪ್ಪಾಳೆಗೋಸ್ಕರ ಯಾರದ್ದಾದ್ರೂ ಒಡೆದ ಕನ್ನಡವನ್ನು ಅಣಕಿಸ್ಬೇಡಿ ಮಾರ್ರೆ, ನಾಲ್ಕು ಭಾಷೆಯಲ್ಲಿ ದಿನ ಕಳೆಯುವವನ ಕನ್ನಡ ಅದು, ಅದಕ್ಕೆ ಮರ್ಯಾದೆ ಕೊಡ್ಬೇಕು.

ಯಕ್ಷಗಾನದ ನಮ್ಮ ಹಿರಿಯ ಹಾಸ್ಯಗಾರರನ್ನು ನೋಡಿ. ಪೆರುವೋಡಿ ನಾರಾಯಣ ಭಟ್ಟರ ಪಾಪಣ್ಣನ ಪಾತ್ರ ಎಷ್ಟು ಜನಪ್ರಿಯ ಅಂದ್ರೆ ಜನ ಅವರನ್ನು ಪಾಪಣ್ಣ ಭಟ್ಟರು ಅಂತಲೇ ಕರೀತಿದ್ರು. ಮಿಜಾರು ಅಣ್ಣಪ್ಪನವರು ತುಳು ಪ್ರಸಂಗಗಳಲ್ಲಿ, ಅಂದ್ರೆ ತುಳುವಿನಲ್ಲಿ ಆಡುವ ಕಥೆಗಳಲ್ಲಿ, ತುಳುವಿನಲ್ಲೇ ಮನೆಮಾತಾದವರು. ಒಬ್ಬರದ್ದು ಕನ್ನಡ, ಇನ್ನೊಬ್ಬರದ್ದು ತುಳು, ಇಬ್ಬರೂ ಆಯಾ ಭಾಷೆಯ ಒಳಗಿಂದಲೇ ನಗು ತೆಗೆದವರು.

ಈಗ ರಾತ್ರಿಯಿಡೀ ಆಡದೆ ಕೆಲವೇ ಗಂಟೆಯಲ್ಲಿ ಮುಗಿಸುವ ಕಾಲಮಿತಿ ಆಟ ಬಂದು ಹಾಸ್ಯಕ್ಕೆ ಸಮಯ ಕಡಿಮೆ ಆಗಿದೆ, ಮೊಬೈಲಲ್ಲಿ ಅರ್ಧ ನಿಮಿಷದ ಕ್ಲಿಪ್ ನೋಡಿದವರಿಗೆ ಮೊದಲ ಸಾಲಿಗೇ ನಗು ಬೇಕು. ನೀವು ಆ ಅವಸರಕ್ಕೆ ಬೀಳ್ಬೇಡಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಮೇಳಗಳು, ಅಂದ್ರೆ ಯಕ್ಷಗಾನ ತಂಡಗಳು, ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ಈ ಕಡೆ ತಾಳಮದ್ದಳೆ ಆಗ್ತಾ ಇರ್ತದೆ, ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಶೋಗೆ ಮೊದಲು ಒಂದೆರಡಕ್ಕೆ ಬಂದು ಕೂತ್ಕೊಳ್ಳಿ. ಮಾತಾಡುವವರನ್ನು ಬಿಡಿ, ಎದುರು ಸುಮ್ಮನೆ ಕೂತು ಕೇಳುವ ಅರ್ಥಧಾರಿಯ, ಅಂದ್ರೆ ಎದುರು ಪಾತ್ರದ ಮಾತಾಡುವವರ, ಮುಖ ನೋಡಿ, ಯಾವ ಶಬ್ದಕ್ಕೆ ಹುಬ್ಬು ಏರಿತು, ಎಲ್ಲಿ "ಹೂಂ" ಅಂದರು ಅಂತ. ನಿಮ್ಮ ಸ್ಟೇಜಲ್ಲಿ ಎದುರು ಪಾತ್ರ ಅಂತ ಯಾರೂ ಇಲ್ಲ, ಆ "ಹೂಂ" ನೀವು ಪ್ರೇಕ್ಷಕರಿಂದಲೇ ತೆಗೀಬೇಕಾಗ್ತದೆ.